ಕಂಪನಿ ಅಕ್ಕ ಮತ್ತು ಸರ್ಕಾರದ ನಾಟಕ

ಅವರ ಎರಡೂ ಕೆನ್ನೆಗಳ ಮೇಲೆ ಹುರಿದ ರಾಗಿಯ ಬಣ್ಣದ ಕಲೆಗಳಿದ್ದವು. ಚಿಕ್ಕ ವಯಸ್ಸಿನಿಂದ ನಾಟಕಕ್ಕೆಂದು ಮುಖಕ್ಕೆ ಅರದಾಳ, ಸಫೇದದ ಬಣ್ಣ ಬಳಿದುಕೊಂಡು ಚರ್ಮ ಸುಟ್ಟುಹೋಗಿತ್ತು. ಹುಬ್ಬಿನ ಕೂದಲು ಉದುರಿ ಯಾವ ಕಾಲವಾಗಿತ್ತೋ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಕಾಡಿಗೆಯಲ್ಲಿ ಎರಡು ಹುಬ್ಬು ಬರೆದುಕೊಂಡೇ ಹಾಲು ತರಲು ಹೊರಡುತ್ತಿದ್ದರು. ಒಂದೊಂದು ದಿನ ಎಡಗಡೆಯದು ಸ್ವಲ್ಪ ಮೇಲಕ್ಕೆ ಹೋಗಿಬಿಡುತ್ತಿತ್ತು. ಆ ದಿನವೆಲ್ಲ ಅವರು ಯಾರನ್ನೋ ಅನುಮಾನದಿಂದ ನೋಡುತ್ತಿರುವ ಹಾಗೆ ಕಾಣುತ್ತಿದ್ದರು.

ಹಲಸೂರಿನ ನಮ್ಮ ವಠಾರದಲ್ಲಿ ಎಲ್ಲರೂ ಅವರನ್ನು ಕಂಪನಿ ಅಕ್ಕ ಅನ್ನುತ್ತಿದ್ದರು. ಅವರು ಹುಟ್ಟಿದ್ದೇ ಒಂದು ನಾಟಕ ಕಂಪನಿಯ ಡೇರೆಯಲ್ಲಿ. ತಾಯಿ ಅದರ ಮುಖ್ಯ ನಟಿ, ಆಮೇಲೆ ಒಡತಿ. ಊರೂರು ತಿರುಗಿ ಆಡುತ್ತಿದ್ದ ಆ ಕಂಪನಿ ತಾಯಿಯ ನಂತರ ಅಕ್ಕನ ಕೈಗೆ ಬಂತು. ಆ ಹೊತ್ತಿಗೆ ಯಾವ ಊರಿಗೆ ಹೋದರೂ ಅವರ ಡೇರೆಗಿಂತ ಮೊದಲೇ ಸಿನಿಮಾ ಟೆಂಟು ಎದ್ದಿರುತ್ತಿತ್ತು. ಕೊನೆಗೆ ಅರವತ್ತರ ದಶಕದ ಮೊದಲಲ್ಲಿ ಪರದೆಗಳನ್ನೆಲ್ಲ ಮಾರಿ, ಉಳಿದ ನಾಲ್ಕೈದು ನಟರನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು ನಮ್ಮ ಎದುರು ಮನೆ ಸೇರಿದರು. ನಟರು ಅಕ್ಕಪಕ್ಕದ ಗಲ್ಲಿಗಳಲ್ಲಿ ಹಂಚಿಹೋದರು. ಕಂಪನಿ ಇಲ್ಲದೆ ಹೋದರೂ ಹೆಸರು ಮಾತ್ರ ಉಳಿಯಿತು.

ನಾನು ಆಗ ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಯ ರಾಜ್ಯೋತ್ಸವಕ್ಕೆ ಪ್ರಾರ್ಥನೆ ಹಾಡು ಅಂದಿದ್ದರು. ಜಗುಲಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದಾಗ ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಅಕ್ಕ ಕರೆದರು.

"ಏ ಹುಡುಗಿ, ಕೊನೇ ಅಕ್ಷರ ಯಾಕೆ ನುಂಗ್ತೀಯ?"

"ನಾನೆಲ್ಲಿ ನುಂಗಿದೆ?"

"ಎಲ್ಲಾನೂ ನುಂಗ್ತಿದೀಯ. ಹಿಂದುಗಡೆ ನೆಲದ ಮೇಲೆ ಕೂತಿರೋನೂ ಟಿಕೆಟ್ ತಗೊಂಡೇ ಬಂದಿರ್ತಾನೆ. ಅವನಿಗೂ ಪೂರ್ತಿ ಮಾತು ತಲುಪಬೇಕು."

ಅವತ್ತು ಸಂಜೆ ಅವರ ಮನೆಯ ಚಾಪೆಯ ಮೇಲೆ ಶುರುವಾದ ಪಾಠ ವರ್ಷಗಟ್ಟಲೆ ನಡೆಯಿತು. ಮೀಟಿಂಗಿನಲ್ಲಿ ಎದ್ದು ಹೆಸರು ಹೇಳಲೂ ಹೆದರುತ್ತಿದ್ದ ನಾನು ಮುಂದೆ ಕಾರ್ಖಾನೆಯ ಗೇಟಿನಲ್ಲಿ ನಿಂತು ನೂರಾರು ಜನರೆದುರು ಮಾತಾಡಿದೆ. ಅದರ ಬೇರು ಆ ಚಾಪೆಯಲ್ಲಿದೆ. ಮದುವೆಯಾಗಿ ಜೀವನ್ ಬಿಮಾ ನಗರಕ್ಕೆ ಹೋದ ಮೇಲೂ ಭಾನುವಾರ ಅಕ್ಕನ ಮನೆ ತಪ್ಪಿಸುತ್ತಿರಲಿಲ್ಲ. "ಬಣ್ಣ ಹಚ್ಚೋರ ಮನೇಲಿ ನಿನಗೇನು ಕೆಲಸ" ಎಂದು ನಮ್ಮತ್ತೆ ಗೊಣಗುತ್ತಿದ್ದರು. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಹೋಗ್ಬರ್ಲಿ ಬಿಡಮ್ಮ" ಅನ್ನುತ್ತಿದ್ದರು.

ಅಕ್ಕನ ಜೀವನ ನಡೆಯುತ್ತಿದ್ದದ್ದು ಕಾರ್ಖಾನೆಗಳ, ಬ್ಯಾಂಕುಗಳ ಹವ್ಯಾಸಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಿ. ಆದರೆ ಅವರ ಚಿಂತೆಯೆಲ್ಲ ಜೊತೆಗೆ ಬಂದವರದ್ದು. ಅವರಲ್ಲಿ ಮುಖ್ಯರು ಹಾಸ್ಯದ ಭಾಯಿ. ಶಿವಾಜಿನಗರದಲ್ಲೇ ಹುಟ್ಟಿ, ಹುಡುಗನಾಗಿದ್ದಾಗಲೇ ಕಂಪನಿಯ ಜೊತೆ ಓಡಿಹೋಗಿದ್ದವರು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಿದ್ದರೂ ರಂಗದ ಮೇಲೆ ಅವರ ಕನ್ನಡ ಕೇಳಿದರೆ ಯಾವುದೋ ಹಳೇ ಶಾನುಭೋಗರು ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಶಿವಾಜಿನಗರದ ಮಾರ್ಕೆಟ್ಟಿನ ಹತ್ತಿರ ಅಣ್ಣನ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರು. ಅದನ್ನು ನೋಡಿದಾಗೆಲ್ಲ ಅಕ್ಕನಿಗೆ ಸಹಿಸಲಾಗುತ್ತಿರಲಿಲ್ಲ.

ಸರ್ಕಾರ ಕಲಾತಂಡಗಳಿಗೆ ಸಹಾಯ ಕೊಡುತ್ತದೆ ಎಂದು ಕೇಳಿ ಅಕ್ಕ ಒಮ್ಮೆ ಅರ್ಜಿ ಹಾಕಿದರು. ನಾನೇ ಅವರ ಜೊತೆ ಹೋಗಿದ್ದೆ. ಸಮಿತಿಯಲ್ಲಿದ್ದ ಒಬ್ಬ ವಿದ್ವಾಂಸರು ಮರ್ಯಾದೆಯಿಂದಲೇ ಮಾತಾಡಿದರು.

"ನೋಡಿ ಅಮ್ಮ, ಜಾನಪದಕ್ಕೆ ಕೊಡಬಹುದು, ಶಾಸ್ತ್ರೀಯಕ್ಕೆ ಕೊಡಬಹುದು. ಹೊಸ ಪ್ರಯೋಗಗಳಿಗೆ ಕೊಡ್ತೀವಿ. ಕಂಪನಿ ನಾಟಕ ಅಂದ್ರೆ ಅದು ಮೂಲತಃ ವ್ಯಾಪಾರ."

"ಟಿಕೆಟ್ ಮಾರ್ತಿದ್ವಿ, ಅದಕ್ಕೆ ವ್ಯಾಪಾರ ಅಂದ್ರಿ, ಸರಿ. ಈಗ ಟಿಕೆಟ್ ಕೊಳ್ಳೋರೇ ಇಲ್ಲ. ಈಗಲೂ ವ್ಯಾಪಾರವಾ ಸ್ವಾಮಿ?"

ಅವರು ನಕ್ಕರು. ಸಹಾಯ ಬರಲಿಲ್ಲ.

ಇದಾಗಿ ಕೆಲವು ವರ್ಷಗಳ ಮೇಲೆ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮೇಲೆ, ಕೇಂದ್ರ ಸರ್ಕಾರದ ಒಂದು ಇಲಾಖೆಯ ಅಧಿಕಾರಿ ತಾವೇ ಹುಡುಕಿಕೊಂಡು ಅಕ್ಕನ ಮನೆಗೆ ಬಂದರು. ಸಣ್ಣ ಮೀಸೆಯ, ಸದಾ ಬೆವರುತ್ತಿದ್ದ ಮನುಷ್ಯ. ಸರ್ಕಾರದ ಯೋಜನೆಗಳನ್ನು ನಾಟಕದ ಮೂಲಕ ಜನಕ್ಕೆ ಮುಟ್ಟಿಸಬೇಕು, ಅದಕ್ಕೆ ತಂಡಗಳನ್ನು ಸೇರಿಸಿಕೊಳ್ಳುತ್ತಿದ್ದೇವೆ, ತಿಂಗಳಿಗೆ ಇಷ್ಟು ಪ್ರಯೋಗ ಅಂತ ಖಾಯಂ ಕೊಡುತ್ತೇವೆ ಅಂದರು. ಅಕ್ಕ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡರು. ಅವತ್ತೇ ಶಿವಾಜಿನಗರಕ್ಕೆ ಹೋಗಿ ಭಾಯಿಯ ಕೈಯಿಂದ ಲೋಟ ಕಿತ್ತುಕೊಂಡು ಕೆಳಗಿಟ್ಟು, "ನಡಿ, ಬಣ್ಣ ಹಚ್ಚೋ ಕೆಲಸ ಬಂದಿದೆ" ಅಂದರಂತೆ.

ಮೊದಲ ನಾಟಕ ಕುಟುಂಬ ಯೋಜನೆಯ ಮೇಲೆ. ಇಲಾಖೆ ಕೊಟ್ಟ ಬರಹದಲ್ಲಿ ಒಬ್ಬ ಡಾಕ್ಟರು ಬಂದು ಭಾಷಣ ಮಾಡಿ ಹೋಗುತ್ತಿದ್ದ, ಅಷ್ಟೇ. ಅಕ್ಕ ಅದನ್ನು ಓದಿಸಿ ಕೇಳಿ ಮಡಚಿಟ್ಟರು. "ಇದನ್ನ ಆಡಿದ್ರೆ ಜನ ಎದ್ದು ಬೀಡಿ ಸೇದೋಕೆ ಹೋಗ್ತಾರೆ" ಅಂದು ತಾವೇ ಹೊಸದು ಕಟ್ಟಿದರು. ಮೊಮ್ಮಕ್ಕಳು ಸಾಲದು ಇನ್ನೂ ಬೇಕು ಎನ್ನುವ ಅತ್ತೆಯಾಗಿ ಅಕ್ಕ, ಮಕ್ಕಳ ಹೆಸರೇ ಮರೆತುಹೋಗುವ ಮಗನಾಗಿ ಭಾಯಿ, ಬಸವಳಿದ ಸೊಸೆಯಾಗಿ ನಾನು. ನಡುನಡುವೆ ಹಾಡು. ಕೊನೆಗೆ ಅತ್ತೆಯೇ ಮನಸ್ಸು ತಿರುಗಿ ಮಗನನ್ನು ಆಸ್ಪತ್ರೆಗೆ ಕಳಿಸುತ್ತಾಳೆ.

ಅಕ್ಕ ಇದನ್ನು ಕೂಲಿಗಾಗಿ ಕಟ್ಟಿದ್ದಲ್ಲ. ಅವರ ಒಬ್ಬಳೇ ತಂಗಿ, ಕಂಪನಿಯ ಹಾಡುಗಾರ್ತಿ, ಮೇಲಿಂದ ಮೇಲೆ ಹೆತ್ತು ಕೊನೆಗೆ ಹೆರಿಗೆಯಲ್ಲೇ ಡೇರೆಯ ಹಿಂದೆ ಸತ್ತಿದ್ದಳು. ಅದನ್ನು ನನಗೆ ಒಂದೇ ಸಲ ಹೇಳಿದ್ದರು, ಬೇರೆ ಕಡೆ ಮುಖ ತಿರುಗಿಸಿಕೊಂಡು. ಹಾಗಾಗಿ ಅತ್ತೆಯ ಕೊನೆಯ ಮಾತು ಅವರ ಬಾಯಲ್ಲಿ ಬರುವಾಗ ನಗುತ್ತಿದ್ದ ಜನ ತಟ್ಟನೆ ಸುಮ್ಮನಾಗುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಹೆಂಗಸರು ಬಂದು ಅಕ್ಕನ ಕೈ ಹಿಡಿದು ಪಿಸುಪಿಸು ಕೇಳುತ್ತಿದ್ದರು, ಯಾವ ಆಸ್ಪತ್ರೆ, ನೋವಾಗುತ್ತಾ, ಗಂಡನಿಗೆ ಹೇಗೆ ಹೇಳೋದು ಅಂತ. ಅಕ್ಕ ಬಣ್ಣವನ್ನೂ ಒರೆಸದೆ ಕೂತು ಉತ್ತರ ಹೇಳುತ್ತಿದ್ದರು. ಆ ದಿನಗಳಲ್ಲಿ ಅವರು ಸ್ವಲ್ಪ ದಪ್ಪವೂ ಆಗಿದ್ದರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಮೊದಮೊದಲು ನಮಗೇನೂ ಗೊತ್ತಾಗಲಿಲ್ಲ. ಪ್ರಯೋಗಗಳು ಹೆಚ್ಚಾದವು. ಜೊತೆಗೆ ಒಂದು ಜೀಪು ಬರತೊಡಗಿತು. ಆಮೇಲೆ ಜೀಪಿನ ಹಿಂದೆ ಒಂದು ವ್ಯಾನು.

ಟಿನ್ ಫ್ಯಾಕ್ಟರಿ ಸ್ಟಾಪಿನ ಹಿಂದುಗಡೆ ಕೂಲಿಯವರ ಗುಡಿಸಲುಗಳಿದ್ದವು. ಅಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಭಾಯಿ ಬಾಯಿ ತೆರೆಯುವ ಮೊದಲೇ ನಗುತ್ತಿದ್ದ. ಹಸಿರು ಅಂಗಿ, ಹೊಸದಾಗಿ ಮದುವೆಯಾದವನು. ಪಕ್ಕದವರು ಅದನ್ನೇ ಹೇಳಿ ಅವನನ್ನು ಕಿಚಾಯಿಸುತ್ತಿದ್ದರು. ನಾಟಕ ಮುಗಿಯುತ್ತಿದ್ದಂತೆ ಅಧಿಕಾರಿ ಪರದೆಯ ಹಿಂದೆ ಬಂದರು.

"ಅಮ್ಮ, ಗಂಡಸರಿಗೆ ಒಂದು ಆರೋಗ್ಯ ತಪಾಸಣೆ ಇಟ್ಟಿದೀವಿ. ವ್ಯಾನಲ್ಲಿ ಕರ್ಕೊಂಡು ಹೋಗಿ ವಾಪಸ್ ಬಿಡ್ತೀವಿ. ನಾವು ಹೇಳಿದ್ರೆ ಹೆದರ್ತಾರೆ. ನೀವೊಂದು ಮಾತು ಹೇಳ್ಬಿಡಿ."

ಅಕ್ಕ ಅತ್ತೆಯ ವೇಷದಲ್ಲೇ ಮುಂದೆ ಹೋಗಿ, "ಹೋಗ್ಬನ್ರಪ್ಪ, ಡಾಕ್ಟರು ನೋಡ್ತಾರಂತೆ. ಹೆದರಬೇಡಿ" ಅಂದರು. ನಗುನಗುತ್ತಾ ಒಬ್ಬೊಬ್ಬರೇ ಹತ್ತಿದರು. ಹಸಿರು ಅಂಗಿಯವನು ಮೊದಲು ಹತ್ತಿದ.

ಮುಂದಿನ ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದಾಗ ಒಬ್ಬ ಹೆಂಗಸು ವಿಚಾರಿಸಿಕೊಂಡು ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೇಳಿದಳು.

"ಅತ್ತೆ ಪಾರ್ಟು ಮಾಡಿದೋರು ನೀವೇನಾ?"

"ಹೌದಮ್ಮ."

"ನನ್ ಮಗ ಇನ್ನೂ ಒಂದು ಮಗೀನೂ ಕಂಡಿಲ್ಲ ತಾಯಿ. ಮದ್ವೆಯಾಗಿ ಆರು ತಿಂಗಳಾಗಿಲ್ಲ. ಅವನಿಗೆ ಆಪರೇಸನ್ ಮಾಡಿ ಕಳಿಸವ್ರೆ. ನೀವೇ ಯೋಳಿದ್ರಲ್ಲ, ಎದರಬ್ಯಾಡಿ ಅಂತ."

ಅವಳು ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಯಾರು ಹೇಳಿದ್ದು ಎಂದು ಸರಿಯಾಗಿ ತಿಳಿದುಕೊಳ್ಳುವುದಕ್ಕೇ ಬಂದವಳ ಹಾಗೆ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದರು.

ಅವತ್ತೇ ಬಸ್ಸು ಹಿಡಿದು ಅಲ್ಲಿಗೆ ಹೋದೆವು. ಹುಡುಗ ಗುಡಿಸಲ ಹೊರಗೆ ಗೋಡೆಗೆ ಒರಗಿ ಕೂತಿದ್ದ. ಅಕ್ಕ ಅವನೆದುರು ಮಣ್ಣಿನಲ್ಲಿ ಕೂತು, ತಮಗೆ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದರು. ನನಗೆ ಮಾತು ಕಲಿಸಿದವರಿಗೆ ಅವತ್ತು ಒಂದು ಮಾತೂ ಪೂರ್ತಿ ಹೊರಡಲಿಲ್ಲ. ಅವರಿಗೆ ಕಷ್ಟವಾಗುತ್ತಿದೆ ಎಂದು ಆ ಹುಡುಗನಿಗೇ ಅನ್ನಿಸಿತೋ ಏನೋ, ನೆಲ ನೋಡುತ್ತಲೇ ಹೇಳಿದ:

"ನಾಟ್ಕ ಚೆನ್ನಾಗಿತ್ತು ಅಮ್ಮ."

ಮಾರನೆಯ ದಿನ ಅಕ್ಕ ಅಧಿಕಾರಿಯ ಕಚೇರಿಗೆ ಹೋದರು. ಆಮೇಲೆ ನನಗೆ ಹೇಳಿದ್ದು ಇಷ್ಟು. ಅವರು ಬೈಯಲಿಕ್ಕೆಂದೇ ಹೋಗಿದ್ದರು. ಆ ಮನುಷ್ಯ ಬಾಗಿಲು ಹಾಕಿಕೊಂಡು ಬಂದು, "ನನಗೂ ಇಷ್ಟು ಜನರನ್ನ ಕರ್ಕೊಂಡು ಬಾ ಅಂತ ಬರೆದು ಕೊಟ್ಟಿದಾರೆ ಅಮ್ಮ. ಆಗದಿದ್ರೆ ಸಂಬಳ ನಿಲ್ಲಿಸ್ತಾರೆ. ಮೇಷ್ಟ್ರುಗಳಿಗೂ ಹಾಗೇ ಮಾಡಿದಾರೆ" ಎಂದು ಅಳುವಂತಾಗಿ, ಆಮೇಲೆ ದನಿ ಗಟ್ಟಿ ಮಾಡಿಕೊಂಡು, ಹೊಸ ತಿಪ್ಪಸಂದ್ರದಲ್ಲಿ ಮುಂದಿನ ಪ್ರಯೋಗ, ದೊಡ್ಡ ಅಧಿಕಾರಿಗಳು ಬರುತ್ತಾರೆ, ತಪ್ಪಿಸಿದರೆ ತಂಡ ಪಟ್ಟಿಯಲ್ಲಿ ಉಳಿಯುವುದಿಲ್ಲ ಅಂದರಂತೆ. "ಆಗಲಿ, ಆಡ್ತೀನಿ" ಎಂದು ಅಕ್ಕ ಬಂದುಬಿಟ್ಟಿದ್ದರು. ನನಗೆ ಆಶ್ಚರ್ಯವಾಯಿತು. ಕೇಳುವ ಧೈರ್ಯವಾಗಲಿಲ್ಲ.

ತಿಪ್ಪಸಂದ್ರದ ಮೈದಾನದಲ್ಲಿ ಜನವೋ ಜನ. ಕುರ್ಚಿಗಳಲ್ಲಿ ದೊಡ್ಡವರು. ಆಚೆ ಮರದ ಕೆಳಗೆ ವ್ಯಾನು. ನಾಟಕ ಎಂದಿಗಿಂತ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ ಅತ್ತೆ ಮಗನನ್ನು ಆಸ್ಪತ್ರೆಗೆ ಕಳಿಸುವ ಮಾತು ಬರಬೇಕು. ಅಕ್ಕ ಭಾಯಿಯ ಕಡೆ ತಿರುಗದೆ ಜನರ ಕಡೆ ತಿರುಗಿದರು.

"ನನ್ನ ಮಾತು ನಂಬಿ ಕೂತಿದೀರಿ. ಮಕ್ಕಳು ಸಾಕು ಅನ್ನಿಸಿದೋರು ನಾಳೆ ನಿಮ್ಮ ಕಾಲಲ್ಲಿ ನೀವೇ ಆಸ್ಪತ್ರೆಗೆ ಹೋಗಿ, ಹೆಂಡ್ತೀನ ಕೇಳಿ ಹೋಗಿ. ಒಳ್ಳೇದೇ. ಆದ್ರೆ ಅಲ್ಲಿ ಮರದ ಕೆಳಗೆ ನಿಂತಿರೋ ಗಾಡಿ ಯಾರೂ ಹತ್ತಬೇಡಿ. ಅದು ತಪಾಸಣೆ ಗಾಡಿ ಅಲ್ಲ. ನಾಟಕ ಮುಗೀತು. ನೇರ ಮನೆಗೆ ಹೋಗಿ."

ಕೊನೆಯ ಅಕ್ಷರ ಮೈದಾನದ ಆ ತುದಿಗೂ ಕೇಳಿಸಿತು. ಮೊದಲು ಹಿಂದಿನ ಸಾಲಿನವರು ಎದ್ದರು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ನಡೆದರು, ನೋಡುನೋಡುತ್ತಿದ್ದಂತೆ ಮೈದಾನ ಖಾಲಿಯಾಯಿತು. ಅಕ್ಕನನ್ನು ಬಣ್ಣದಲ್ಲೇ ಜೀಪಿಗೆ ಹತ್ತಿಸಿ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಇನ್ನು ಮುಂದೆ ಎಲ್ಲೂ ಆಡಕೂಡದೆಂದು ಎಚ್ಚರಿಸಿ ಬಿಟ್ಟರು. ವಯಸ್ಸಾದ ಹೆಂಗಸು, ಜೈಲಿಗೆ ಹಾಕಿದರೆ ಸುದ್ದಿಯಾಗುತ್ತದೆ ಅಂತ ಬಿಟ್ಟಿರಬೇಕು.

ನಾನೂ ಭಾಯಿಯೂ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದೆವು. ನಾನು ಹೆಮ್ಮೆಯಿಂದ ಅಕ್ಕನ ಕೈ ಹಿಡಿದುಕೊಂಡೆ. ಭಾಯಿ ಹಿಡಿಯಲಿಲ್ಲ.

"ನೀವು ಮಾಡಿದ್ದು ಸರಿ ಅಕ್ಕಾ. ನಾನು ಬೇಡ ಅಂತಿರಲಿಲ್ಲ. ಆದ್ರೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಾಳೆಯಿಂದ ನಮ್ಮ ಮನೇಲೂ ಒಲೆ ಹತ್ತಲ್ಲ. ಅದನ್ನ ನೀವೊಬ್ಬರೇ ತೀರ್ಮಾನ ಮಾಡಿದ್ರಿ."

ಅಕ್ಕ ನಡೆಯುತ್ತಿದ್ದವರು ನಿಂತರು. ಬೀದಿದೀಪದಲ್ಲಿ ಅವರ ಮುಖದ ಬಣ್ಣ ಬೆವರಿಗೆ ಇಳಿದು ಕತ್ತಿನವರೆಗೆ ಬಂದಿತ್ತು. "ಹೌದು ಭಾಯಿ" ಅಂದರು. ಅಷ್ಟೇ.

ಭಾಯಿ ಮತ್ತೆ ಟೀ ಅಂಗಡಿಗೆ ಹೋದರು. ಉಳಿದವರಲ್ಲಿ ಇಬ್ಬರು ಇನ್ನೊಂದು ತಂಡ ಸೇರಿ ಅದೇ ನಾಟಕವನ್ನೇ ಆಡುತ್ತಿದ್ದಾರೆಂದು ಸುದ್ದಿ ಬಂತು. ಅಕ್ಕನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹವ್ಯಾಸಿ ತಂಡಗಳು ಹೆದರಿ ಅಕ್ಕನನ್ನು ಕರೆಯುವುದು ಬಿಟ್ಟವು. ಅಕ್ಕ ವಠಾರದ ಹೆಂಗಸರಿಗೆ ರವಿಕೆ ಹೊಲಿದು ಕೊಟ್ಟು ದಿನ ನೂಕಿದರು. ನಾನು ಯಾವಾಗಲಾದರೂ ತಿಪ್ಪಸಂದ್ರದ ಮಾತೆತ್ತಿ ಎಂಥ ಧೈರ್ಯ ನಿಮ್ಮದು ಅಂದರೆ ಅವರಿಗೆ ರೇಗುತ್ತಿತ್ತು. "ಮೊದಲೇ ಹೇಳಿದ್ರೆ ಧೈರ್ಯ. ಆ ಹುಡುಗನ್ನ ಹತ್ತಿಸಿದ ಮೇಲೆ ಹೇಳಿದ್ದು ಧೈರ್ಯ ಹೇಗಾಗುತ್ತೆ?"

ಚುನಾವಣೆ ಮುಗಿದು ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಅದೇ ಇಲಾಖೆಯ ಮತ್ತೊಬ್ಬ ಅಧಿಕಾರಿ ಹಣ್ಣು ತೆಗೆದುಕೊಂಡು ಅಕ್ಕನ ಮನೆಗೆ ಬಂದರು. ತುರ್ತು ಪರಿಸ್ಥಿತಿಯ ಅನ್ಯಾಯದ ಮೇಲೆ ನಾಟಕ ಬೇಕಂತೆ. ಮೊದಲಿಗಿಂತ ಹೆಚ್ಚು ಪ್ರಯೋಗ ಕೊಡುತ್ತಾರಂತೆ.

"ನಿಮಗಿಂತ ಚೆನ್ನಾಗಿ ಯಾರು ಮಾಡ್ತಾರೆ ಹೇಳಿ. ಟಿನ್ ಫ್ಯಾಕ್ಟರಿ ಹತ್ರ ನಡೆದಿದ್ದನ್ನೇ ಮಾಡಿ. ಆ ಹುಡುಗ, ಆ ತಾಯಿ. ಜನ ಅತ್ತುಬಿಡ್ತಾರೆ."

ಈ ಸಲ ಅಕ್ಕ ಎಲ್ಲರನ್ನೂ ಕೂರಿಸಿ ಕೇಳಿದರು. ಎಲ್ಲರೂ ಆಡೋಣ ಅಂದರು. ಭಾಯಿಯೂ ಅಂದರು. ಅಕ್ಕ ಸರಿ ಎಂದು, ಇನ್ನೂ ಒಬ್ಬರನ್ನ ಕೇಳಬೇಕು ಅಂದು ನನ್ನನ್ನು ಕರೆದುಕೊಂಡು ಮತ್ತೆ ಆ ಗುಡಿಸಲುಗಳಿಗೆ ಹೋದರು. ಹುಡುಗ ಕೆಲಸದಿಂದ ಬರುವ ತನಕ ಕಾದೆವು. ಮೈಯೆಲ್ಲ ಸಿಮೆಂಟಿನ ಧೂಳು. ಅಕ್ಕ ಹೇಳಿದ್ದನ್ನು ಪೂರ್ತಿ ಕೇಳಿದ.

"ಬ್ಯಾಡಮ್ಮ. ಈಗ ಈ ನಾಲ್ಕು ಮನೇರಿಗೆ ಗೊತ್ತು. ನೀವು ಆಡಿದ್ರೆ ಊರಿಗೆಲ್ಲಾ ಗೊತ್ತಾಗ್ತದೆ. ನನ್ ಹೆಂಡ್ತಿ ಇನ್ನೂ ನಂಜೊತೆ ಅವ್ಳೆ. ಇರ್ಲಿ."

ಅಕ್ಕ ಅಧಿಕಾರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಹೆಸರು ಬದಲಾಯಿಸಿ ಆಡಬಹುದಲ್ಲ ಎಂದು ಆತ ಎಷ್ಟೋ ಒತ್ತಾಯ ಮಾಡಿದರು. "ನಿಮ್ಮ ಹಿಂದಿನೋರು ಆ ಹುಡುಗನ್ನ ಕೇಳದೆ ಹತ್ತಿಸಿದ್ರು. ನಾನು ಅವನ್ನ ಕೇಳಿದೀನಿ, ಅವನು ಬೇಡ ಅಂದಿದಾನೆ. ಇನ್ನೇನು ಹೆಸರು ಬದಲಾಯಿಸೋದು?" ಅಂದರು ಅಕ್ಕ. ಭಾಯಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಎದ್ದು ಹೋಗುವಾಗ ಅಕ್ಕನಿಗೆ, "ಬೆಳಿಗ್ಗೆ ಅಂಗಡಿ ಕಡೆ ಬನ್ನಿ, ಟೀ ಕುಡೀರಿ" ಅಂದರು. ಎಷ್ಟೋ ದಿನದ ಮೇಲೆ ಅವರಾಗಿಯೇ ಆಡಿದ ಮಾತು ಅದು.

ಆಮೇಲೆ ಅಕ್ಕ ಹೆಚ್ಚು ದಿನ ಇರಲಿಲ್ಲ. ಕೆಮ್ಮು ಹಿಡಿದು ಬಿಡಲಿಲ್ಲ. ಶಿವಾಜಿನಗರದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ವಯಸ್ಸಾದ ಕಲಾವಿದರಿಗೆ ಸರ್ಕಾರ ತಿಂಗಳು ತಿಂಗಳು ಸಹಾಯ ಕೊಡುತ್ತದೆ, ಕಂಪನಿಯವರನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದನ್ನು ನಾನು ಅವರಿಗೆ ಹೇಳಲು ಓಡಿಹೋದೆ. ಅವತ್ತು ಅಕ್ಕ ಹುಬ್ಬು ಬರೆದುಕೊಂಡಿರಲಿಲ್ಲ.

"ಬದಲಿಗೆ ಏನು ಕೇಳ್ತಾರೆ?"

"ಏನೂ ಕೇಳಲ್ವಂತೆ ಅಕ್ಕ."

"ಏನೂ ಆಡು ಅನ್ನಲ್ವಾ?"

"ಇಲ್ಲ. ಸುಮ್ಮನೆ ಕೊಡ್ತಾರಂತೆ."

ಅವರು ಹೊದಿಕೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

"ಹಾಗಾದ್ರೆ ಭಾಯಿ ಹೆಸರು ಕೊಡು. ನನಗೆ ಇನ್ನೇನು ಬೇಕು. ಕೊಡೋಕೆ ಮುಂಚೆ ಅವನ್ನ ಕೇಳು."

ಎರಡು ದಿನದಲ್ಲಿ ಹೋಗಿಬಿಟ್ಟರು. ಕಂಪನಿಯವರು, ವಠಾರದವರು, ನಮ್ಮ ಕಾರ್ಖಾನೆಯ ಕೆಲವರು, ಇಷ್ಟೇ ಜನ ಬಂದಿದ್ದೆವು. ಭಾಯಿ ಹೆಗಲು ಕೊಟ್ಟರು. ಎಲ್ಲ ಮುಗಿದ ಮೇಲೆ ಒಂದು ಸಂಜೆ ನಾನು ಅವರ ಟೀ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತು, ಸಹಾಯದ ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳಿ, ನಿಮ್ಮ ಹೆಸರು ಕೊಡಲಾ ಅಂತ ಕೇಳಿದೆ.

ಭಾಯಿ ತೊಳೆಯುತ್ತಿದ್ದ ಲೋಟ ಕೆಳಗಿಟ್ಟು ಕೈ ಒರೆಸಿಕೊಂಡರು.

"ಕೇಳು ಅಂತ ಅಕ್ಕ ಅಂದ್ರಾ?"

"ಹೂಂ, ಭಾಯಿ. ಮೊದಲು ಕೇಳು ಅಂದ್ರು."

ಅವರು ರಸ್ತೆಯ ಕಡೆ ಮುಖ ಮಾಡಿ ನಿಂತರು. ಆಮೇಲೆ, ಮೈದಾನದ ಕೊನೆಯವರೆಗೆ ಮುಟ್ಟುತ್ತಿದ್ದ ತಮ್ಮ ದನಿಯನ್ನು ತೀರ ಸಣ್ಣದು ಮಾಡಿಕೊಂಡು, "ಕೊಡಮ್ಮ" ಅಂದರು.